ಜಯನಗರದ ಶೆಡ್ಡಿನಲ್ಲೊಂದು ಡೆಟ್ರಾಯಿಟ್

ಜಯನಗರದಲ್ಲಿ ಹಳೆಯ ಮನೆಯೊಂದನ್ನು ಬಿಲ್ಡರಿಗೆ ಕೊಟ್ಟರೆಂದರೆ ಮೊದಲು ಉರುಳುವುದು ಕಾಂಪೌಂಡಿನ ತೆಂಗಿನ ಮರ, ಅದರ ಹಿಂದೆಯೇ ಕಾರು ಶೆಡ್ಡು. ಕಳೆದ ತಿಂಗಳು ನಾನು ನೋಡಲು ಹೋದ ಶೆಡ್ಡಿಗೂ ಆ ಗಳಿಗೆ ಹತ್ತಿರ ಬಂದಿದೆ. ಅಣ್ಣತಮ್ಮಂದಿರು ಕೂಡಿ ಮನೆಯನ್ನು ಅಪಾರ್ಟ್‌ಮೆಂಟಿಗೆ ಒಪ್ಪಿಸಿದ್ದಾರೆ. ಯುಗಾದಿಯ ಒಳಗೆ ಜಾಗ ತೆರವಾಗಬೇಕು. ಬೀರು, ಪಾತ್ರೆ, ದೇವರ ಮಂಟಪ ಎಲ್ಲಕ್ಕೂ ಒಂದೊಂದು ನೆಲೆ ಗೊತ್ತಾಗಿದೆ. ಗೊತ್ತಾಗದೆ ಉಳಿದಿರುವುದು ಶೆಡ್ಡಿನಲ್ಲಿ ನಿಂತಿರುವ, 17 ಅಡಿ ಉದ್ದದ, 1955ರ ಪ್ಲಿಮತ್ ಸವಾಯ್ ಕಾರಿಗೆ ಮಾತ್ರ.

1948ರಲ್ಲಿ ಅಸ್ತಿಭಾರ ಹಾಕಿಸಿಕೊಂಡ ಜಯನಗರದ ಸೈಟುಗಳಲ್ಲಿ ಶೆಡ್ಡು ಕಟ್ಟಿಸಿದವರು ಮನಸ್ಸಿನಲ್ಲಿಟ್ಟುಕೊಂಡಿದ್ದುದು 13 ಅಡಿಯ ಫಿಯೆಟ್ಟನ್ನು, ಹೆಚ್ಚೆಂದರೆ 14 ಅಡಿಯ ಅಂಬಾಸಡರನ್ನು. ಈ ಮನೆಯಲ್ಲಿ ಕಾರಿನ ಡಿಕ್ಕಿ ಒಳಗೆ ಹಿಡಿಸದೆ, ಹಿಂದಿನ ಗೋಡೆ ಒಡೆದು, ತಗಡಿನ ಗೂಡೊಂದನ್ನು ಅಂಟಿಸಿದ್ದಾರೆ. ಹೊಸ ಕಟ್ಟಡದ ನೆಲಮಾಳಿಗೆಯಲ್ಲಿ ಒಬ್ಬೊಬ್ಬರಿಗೆ ಸಿಗುವ ಗೆರೆ 16 ಅಡಿಯದು. 'ಒಂದು ಅಡಿಗೆ ಎಪ್ಪತ್ತು ವರ್ಷದ ಸಂಬಂಧ ಬಿಡಬೇಕಾಗಿದೆ ನೋಡಪ್ಪ' ಎಂದರು ಯಜಮಾನರು. ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ. ಅವರ ತಂದೆ ಈ ಗಾಡಿಯನ್ನು ಚಿಕ್ಕಮಗಳೂರಿನ ಕಾಫಿ ಪ್ಲಾಂಟರೊಬ್ಬರಿಂದ ಕೊಂಡದ್ದು 1962ರಲ್ಲಿ.

ಹಳೆಯ ಕಾರುಗಳ ಹವ್ಯಾಸವೆಂದರೆ ರಾಜಮಹಾರಾಜರ ರೋಲ್ಸ್‌ರಾಯ್ಸ್ ಎಂದೇ ಹಲವರ ಭಾವನೆ. ಆದರೆ ನಮ್ಮ ಬಡಾವಣೆಗಳ ಶೆಡ್ಡುಗಳಲ್ಲಿ ಧೂಳು ಹೊದ್ದು ಉಳಿದಿರುವ ದೊಡ್ಡ ಗಾಡಿಗಳಲ್ಲಿ ಅಮೆರಿಕದವು ಕಡಿಮೆಯಿಲ್ಲ. ಷೆವರ್ಲೆ, ಡಾಜ್, ಪ್ಲಿಮತ್, ಬ್ಯೂಕ್, ಸ್ಟೂಡಿಬೇಕರ್. ಇವು ಅರಮನೆಯ ವಾಹನಗಳಲ್ಲ. ವೈದ್ಯರು, ವಕೀಲರು, ಪ್ಲಾಂಟರುಗಳು, ಬಸ್ ಕಂಪನಿಯ ಮಾಲೀಕರು ಇಟ್ಟುಕೊಂಡಿದ್ದ ಗಾಡಿಗಳು. ಕೆಟ್ಟ ರಸ್ತೆಗೆ ಎತ್ತರದ ಮೈ, ಘಟ್ಟಕ್ಕೆ ಬಲವಾದ ಎಂಜಿನ್, ಮನೆಮಂದಿಗೆಲ್ಲ ಸಾಲುವ ಉದ್ದನೆ ಸೀಟು: ಮಲೆನಾಡಿಗೆ ಇಂಗ್ಲೆಂಡಿನ ಪುಟ್ಟ ಕಾರಿಗಿಂತ ಇದೇ ಒಪ್ಪಿತು. ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಸಿಕ್ಕ ವಿಲ್ಲಿಸ್ ಜೀಪುಗಳು ಕೊಡಗಿನ ತೋಟಗಳಲ್ಲಿ ನೆಲೆ ಕಂಡದ್ದೂ ಇದೇ ಕಾರಣಕ್ಕೆ.

ಕೈತಪ್ಪಿದ ಕಾರ್ಖಾನೆ

ಅಮೆರಿಕದ ಕಾರಿಗೂ ಬೆಂಗಳೂರಿಗೂ ಇರುವ ನಂಟಿನಲ್ಲಿ ಕೈತಪ್ಪಿಹೋದ ಕಥೆಯೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು ಮತ್ತು ಅಮೆರಿಕಗಳಿಗೆ ಹೋಗಿ ಅಲ್ಲಿನ ಕಾರು ಕಾರ್ಖಾನೆಗಳನ್ನು ಕಂಡು ಬಂದರು. ಭಾರತದಲ್ಲೇ ಮೋಟಾರು ಕಾರು ತಯಾರಿಸುವ ಯೋಜನೆಯನ್ನು ಬರೆದರು. ಮೊದಲಿಗೆ ಇದಕ್ಕೆ ಬೆಂಬಲವಾಗಿ ನಿಂತದ್ದು ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ. 1939ರಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಅದು ರಾಜೀನಾಮೆ ಕೊಟ್ಟಾಗ ಯೋಜನೆ ಅನಾಥವಾಯಿತು. ಆಗ ಮೈಸೂರು ಸಂಸ್ಥಾನ ಮುಂದೆ ಬಂತು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಬಂಡವಾಳಗಾರರು ವಾಲ್‌ಚಂದ್ ಹೀರಾಚಂದ್. ಅವರು ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಬಾಗಿಲು ತಟ್ಟಿ, ಅಲ್ಲಿ ಕೆಲಸವಾಗದೆ, ಕ್ರೈಸ್ಲರ್ ಕಂಪನಿಯೊಡನೆ 1940ರಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಪ್ಲಿಮತ್, ಡಾಜ್‌ಗಳೆಲ್ಲ ಆ ಕ್ರೈಸ್ಲರ್ ಮನೆತನದವೇ.

ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಇದು ಅವಶ್ಯವಲ್ಲ ಎಂಬ ವಾದ ಮುಂದಿಟ್ಟು ಯೋಜನೆಯನ್ನು ಕಟ್ಟಿಹಾಕಿತು. ವಿಚಿತ್ರವೆಂದರೆ, ಕಾರಿಗೆ ಆಗದ ಅನುಮತಿ ವಿಮಾನಕ್ಕೆ ಆಯಿತು. ಅಮೆರಿಕದ ವಿಲಿಯಂ ಪಾಲಿ ಎಂಬ ವಿಮಾನ ವ್ಯಾಪಾರಿಯೊಡನೆ ವಾಲ್‌ಚಂದರು ಕೂಡಿಕೊಂಡರು. ಮೈಸೂರು ಸರ್ಕಾರದ ನೆರವಿನೊಂದಿಗೆ 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಇಂದಿನ ಎಚ್‌ಎಎಲ್ ಅದೇ. 1943ರ ಹೊತ್ತಿಗೆ ಆ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಹೋಗಿ, ಅವರ ಬಾಂಬರ್ ವಿಮಾನಗಳ ರಿಪೇರಿ ಕೇಂದ್ರವಾಯಿತು. ವಾಲ್‌ಚಂದರು ಕಾರಿನ ಆಸೆ ಬಿಡದೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. 1947ರಲ್ಲಿ ಕುರ್ಲಾದಿಂದ ಅದರ ಮೊದಲ ಗಾಡಿಗಳು ಹೊರಬಂದವು. ಬೆಂಗಳೂರಿನಲ್ಲಿ ಹುಟ್ಟಬಹುದಾಗಿದ್ದ ಪ್ಲಿಮತ್ ಕುರ್ಲಾದಲ್ಲಿ ಹುಟ್ಟಿ ಜಯನಗರಕ್ಕೆ ಬಂತು ಎನ್ನಬೇಕು.

'ಹುಟ್ಟಿ' ಎಂಬ ಮಾತನ್ನು ಸ್ವಲ್ಪ ತಿದ್ದಬೇಕು. ಆ ಕಾಲದ ಗಾಡಿಗಳು ಬಿಡಿ ಭಾಗಗಳಾಗಿ ಪೆಟ್ಟಿಗೆಗಳಲ್ಲಿ ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ಜೋಡಣೆಯಾಗುತ್ತಿದ್ದವು. ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಈ ಕೆಲಸವನ್ನು 1928ರಲ್ಲೇ ಆರಂಭಿಸಿತ್ತು; ದಕ್ಷಿಣದಲ್ಲಿ ಅದರ ಗಾಡಿಗಳನ್ನು ಮಾರುತ್ತಿದ್ದವರು ಮದುರೆಯ ಟಿ.ವಿ. ಸುಂದರಂ ಅಯ್ಯಂಗಾರ್ ಸಂಸ್ಥೆಯವರು. ಸ್ಟೂಡಿಬೇಕರನ್ನು ಜೋಡಿಸುತ್ತಿದ್ದುದು ಮುಂದೆ ಅಂಬಾಸಡರಿನಿಂದ ಹೆಸರಾದ ಹಿಂದೂಸ್ತಾನ್ ಮೋಟಾರ್ಸ್. ಇವುಗಳಿಗೆಲ್ಲ ಸ್ಟೀರಿಂಗು ಬಲಗಡೆ ಹೇಗೆ ಬಂತು ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಕೆನಡಾದಲ್ಲಿದೆ. ಬ್ರಿಟಿಷ್ ಸಾಮ್ರಾಜ್ಯದೊಳಗಿನ ಸರಕಿಗೆ ಸುಂಕ ಕಡಿಮೆಯಿತ್ತು. ಅಮೆರಿಕದ ಕಂಪನಿಗಳು ಗಡಿಯಾಚೆಗಿನ ಕೆನಡಾದಲ್ಲಿ ಕಾರ್ಖಾನೆ ಇಟ್ಟು, ಅಲ್ಲಿಂದ ಬಲಗೈ ಚಾಲನೆಯ ಗಾಡಿಗಳನ್ನು ಸಾಮ್ರಾಜ್ಯದ ದೇಶಗಳಿಗೆ ಕಳಿಸುತ್ತಿದ್ದವು. ನಮ್ಮಲ್ಲಿರುವ ಎಷ್ಟೋ 'ಅಮೆರಿಕನ್' ಕಾರುಗಳು ಜಾತಕದಲ್ಲಿ ಕೆನಡಿಯನ್. ಈ ಸಂಗತಿ ಮುಂದೆ ಬೇಕಾಗುತ್ತದೆ.

1953ರಲ್ಲಿ ಟ್ಯಾರಿಫ್ ಕಮಿಷನ್, ಬರಿಯ ಜೋಡಣೆ ಸಾಲದು, ಹಂತಹಂತವಾಗಿ ಇಲ್ಲೇ ತಯಾರಿಸುವವರು ಮಾತ್ರ ಉಳಿಯಲಿ ಎಂದಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಎರಡೂ ಮರುವರ್ಷದೊಳಗೆ ಗಂಟುಮೂಟೆ ಕಟ್ಟಿದವು. ಆಮೇಲೆ ಬಂದ ದೊಡ್ಡ ಇಂಪಾಲಾಗಳು ರಾಯಭಾರ ಕಚೇರಿಗಳ ಗಾಡಿಗಳು. ಅವರು ಬಳಸಿಬಿಟ್ಟದ್ದನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಹರಾಜು ಹಾಕುತ್ತಿತ್ತು. ಸಿನಿಮಾದವರೂ ಕಂಟ್ರಾಕ್ಟರುಗಳೂ ಕೂಗಿ ಕೊಳ್ಳುತ್ತಿದ್ದರು.

ಗುರುತು ಹಿಡಿಯುವ ಆಟ

ಈ ಹವ್ಯಾಸದಲ್ಲಿ ಕಾಸು ಬೇಕಿಲ್ಲದ ಭಾಗವೊಂದಿದೆ: ದೂರದಿಂದಲೇ ಕಾರಿನ ಹೆಸರು, ವರ್ಷ ಹೇಳುವುದು. ನಮ್ಮ ಅಂಬಾಸಡರ್ 1957ರಿಂದ 2014ರವರೆಗೆ ಹೆಚ್ಚುಕಡಿಮೆ ಒಂದೇ ಮುಖ ಹೊತ್ತು ಬದುಕಿತು. ಅಮೆರಿಕದಲ್ಲಿ ಹಾಗಲ್ಲ. ಜನರಲ್ ಮೋಟಾರ್ಸ್‌ನ ಆಲ್‌ಫ್ರೆಡ್ ಸ್ಲೋನ್ ಮತ್ತು ಅವರ ವಿನ್ಯಾಸಕಾರ ಹಾರ್ಲಿ ಅರ್ಲ್ ಸೇರಿ, ವರ್ಷವರ್ಷವೂ ಗಾಡಿಯ ಉಡುಪು ಬದಲಿಸುವ ಪದ್ಧತಿ ತಂದರು. ಹೋದ ವರ್ಷದ ಕಾರು ಈ ವರ್ಷ ಹಳೆಯದಾಗಿ ಕಾಣಬೇಕು, ಗಿರಾಕಿಗೆ ನಾಚಿಕೆಯಾಗಬೇಕು, ಅದೇ ಉಪಾಯ. ಕೊಳ್ಳುವವನ ಜೇಬಿಗೆ ಇದು ಮೋಸವೇ. ನೋಡುವವನಿಗೆ ಮಾತ್ರ ಹಬ್ಬ, ಏಕೆಂದರೆ ಪ್ರತಿ ವರ್ಷಕ್ಕೂ ಒಂದೊಂದು ಮಚ್ಚೆ ಸಿಕ್ಕಿತು.

ಇಂಪಾಲಾವನ್ನೇ ತೆಗೆದುಕೊಳ್ಳಿ. 1958ರಲ್ಲಿ ಮೊದಲು ಬಂದಾಗ ಅದಕ್ಕೆ ಹಿಂದೆ ಎರಡೂ ಬದಿ ಮೂರು ಮೂರು ದೀಪ; ಅದೇ ವರ್ಷದ ಕಡಿಮೆ ಬೆಲೆಯ ಬೆಲ್‌ಏರ್‌ಗೆ ಎರಡೆರಡು. 1959ರಲ್ಲಿ ದುಂಡು ದೀಪ ಹೋಗಿ ಬೆಕ್ಕಿನ ಕಣ್ಣಿನಂಥ ಉದ್ದನೆ ದೀಪ, ಅದರ ಮೇಲೆ ಬಾವಲಿ ರೆಕ್ಕೆ ಚಾಚಿದಂತೆ ಮಲಗಿದ ಎರಡು ಫಿನ್ನುಗಳು. 1960ಕ್ಕೆ ಮತ್ತೆ ಮೂರು ಮೂರು. ಈ ಫಿನ್ನಿನ ಹುಚ್ಚು ಶುರುವಾದದ್ದು 1948ರ ಕ್ಯಾಡಿಲಾಕ್‌ನಿಂದ. ಪಿ-38 ಎಂಬ ಯುದ್ಧವಿಮಾನದ ಬಾಲ ಕಂಡು ಹಾರ್ಲಿ ಅರ್ಲ್ ಅದನ್ನು ಕಾರಿಗಿಳಿಸಿದರು.

1949ರಿಂದ ಬ್ಯೂಕ್‌ನ ಮುಂದಿನ ಮಡ್‌ಗಾರ್ಡಿನ ಮೇಲೆ ದುಂಡು ಕಿಂಡಿಗಳು ಬಂದವು. ಮೂರಿದ್ದರೆ ಸೂಪರ್, ನಾಲ್ಕಿದ್ದರೆ ದುಬಾರಿಯ ರೋಡ್‌ಮಾಸ್ಟರ್. 1950 ಮತ್ತು 51ರ ಸ್ಟೂಡಿಬೇಕರ್‌ಗೆ ಮೂತಿಯ ನಡುವೆ ಗುಂಡಿನಾಕಾರದ ಉಬ್ಬು. ಮುಂದೂ ಹಿಂದೂ ಒಂದೇ ತೆರನಾಗಿ ಕಾಣುವ ಆ ಗಾಡಿ ಬರುತ್ತಿದೆಯೋ ಹೋಗುತ್ತಿದೆಯೋ ಎಂದು ಅಮೆರಿಕನ್ನರೇ ಗೇಲಿ ಮಾಡಿದರು. ಬಾನೆಟ್ಟಿನ ತುದಿಯ ಗೊಂಬೆಯೂ ಗುರುತು: ಟಗರಿದ್ದರೆ ಡಾಜ್, ಆದಿವಾಸಿ ನಾಯಕನ ತಲೆಯಿದ್ದರೆ ಪಾಂಟಿಯಾಕ್. ಹಾಯಿ ಹಡಗಿದ್ದರೆ ಪ್ಲಿಮತ್. 1620ರಲ್ಲಿ ವಲಸಿಗರನ್ನು ಅಮೆರಿಕಕ್ಕೆ ಹೊತ್ತ ಮೇಫ್ಲವರ್ ಹಡಗು ಅದು. ನಮ್ಮ ಜಯನಗರದ ಗಾಡಿಯನ್ನು ಬೀದಿಯ ಮಕ್ಕಳು 'ಹಡಗಿನ ಕಾರು' ಎಂದೇ ಕರೆಯುತ್ತಿದ್ದರಂತೆ. ಗೊಂಬೆ ನೋಡಿಯೋ ಗಾತ್ರ ನೋಡಿಯೋ ಹೇಳುವುದು ಕಷ್ಟ.

ಎಚ್ಚರ ಬೇಕಾದದ್ದು ಕ್ರೈಸ್ಲರ್‌ನ ಗಾಡಿಗಳಲ್ಲಿ. ಒಂದೇ ಮೈಗೆ ಪ್ಲಿಮತ್ ಎಂದು, ಡಾಜ್ ಕಿಂಗ್ಸ್‌ವೇ ಎಂದು, ಡಿಸೋಟೊ ಎಂದು ಬೇರೆ ಬೇರೆ ಫಲಕ ಹಚ್ಚಿ ಹೊರದೇಶಗಳಿಗೆ ಕಳಿಸುತ್ತಿದ್ದರು. ಒಬ್ಬನೇ ನಟ ಮೂರು ಪಾತ್ರ ಮಾಡಿದ ಹಾಗೆ. ನಂಬರ್ ಪ್ಲೇಟನ್ನೂ ನೋಡಬೇಕು. ಜಯನಗರದ ಆರ್‌ಟಿಒ ಕೊಡುವ ಕೆಎ-05 ಇದ್ದರೆ ಅದು 1989ರ ನಂತರ ಇಲ್ಲಿ ದಾಖಲಾದ ಸಂಖ್ಯೆ. ಎಂವೈ ಅಕ್ಷರಗಳಿಂದ ಆರಂಭವಾದರೆ ಗಾಡಿ ಮೈಸೂರು ರಾಜ್ಯದ ಕಾಲದಿಂದ ಇಲ್ಲೇ ಇದೆ ಎಂದರ್ಥ. ಹವ್ಯಾಸಿಗಳು ಆ ಪ್ಲೇಟನ್ನು ಮೂಗುತಿಯಂತೆ ಜೋಪಾನ ಮಾಡುತ್ತಾರೆ.

ಉಲ್ಟಾ ತಿರುಗುವ ಬೋಲ್ಟು

ರಿಪೇರಿಯ ಮಾತಿಗೆ ಬರೋಣ. ಈ ಪ್ಲಿಮತ್‌ನ ಮೆಕ್ಯಾನಿಕ್ ವಿಲ್ಸನ್ ಗಾರ್ಡನ್ನಿನವರು. ಅರವತ್ತು ದಾಟಿದೆ. 'ಪ್ಲೈಮೌತ್' ಎನ್ನುತ್ತಾರೆ. ಯಜಮಾನರು ಅವರನ್ನು 'ಬಾಯ್' ಎಂದು ಕರೆದರೆ ಅವರು ಇವರಿಗೆ 'ಸಾರ್'. ಹುಡುಗರನ್ನು ಕೆಲಸಕ್ಕೆ ಸೇರಿಸಿಕೊಂಡಾಗ ಅವರು ಮೊದಲು ಕೊಡುವ ಪರೀಕ್ಷೆ ಎಡಗಡೆಯ ಚಕ್ರ ಬಿಚ್ಚುವುದು. ಕ್ರೈಸ್ಲರ್ ಗಾಡಿಗಳ ಎಡ ಚಕ್ರದ ಬೋಲ್ಟುಗಳು ಉಲ್ಟಾ ಮರೆಯವು. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಓಡುವಾಗ ಚಕ್ರದ ತಿರುಗಾಟಕ್ಕೆ ತಾನಾಗಿ ಸಡಿಲವಾಗದಿರಲೆಂದು ಈ ಏರ್ಪಾಟು. ತಿಳಿಯದವರು ಪಾನಾದ ಮೇಲೆ ನಿಂತು ಕುಣಿದು ಬೋಲ್ಟು ಮುರಿದಿದ್ದಾರೆ. 'ಮುರಿದವನನ್ನ ಕಳಿಸಿಬಿಡ್ತೀನಿ, ಕೇಳಿದವನನ್ನ ಇಟ್ಕೋತೀನಿ' ಎಂದರು ಬಾಯ್. ಈಗ ಅವರ ಬಳಿ ಹುಡುಗರೇ ಇಲ್ಲ. ಕೇಳಿದವರೂ ಷೋರೂಮುಗಳ ಕೆಲಸಕ್ಕೆ ಹೋಗಿದ್ದಾರೆ.

ಇಂಥ ಗಾಡಿಯ ಒಳಗೆಲ್ಲ ಬೇರೆಯೇ ಶಾಸ್ತ್ರ. ಅಳತೆಗಳೆಲ್ಲ ಇಂಚಿನಲ್ಲಿ. ವಿದ್ಯುತ್ತು 12 ವೋಲ್ಟಲ್ಲ, 6 ವೋಲ್ಟು. ಅದರಲ್ಲೂ ಬ್ಯಾಟರಿಯ ಪ್ಲಸ್ ಕಡೆಯನ್ನು ಮೈಗೆ ಕಟ್ಟಿರುತ್ತಾರೆ. ಗೊತ್ತಿಲ್ಲದೆ ಈಗಿನ ಗಾಡಿಯಂತೆ ಕಟ್ಟಿದರೆ ತೊಂದರೆ ತಪ್ಪಿದ್ದಲ್ಲ. ಹ್ಯಾಂಡ್‌ಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ, ಗೇರ್‌ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಆ ಕಾಲದ ಹಲವು ಷೆವರ್ಲೆ, ಫೋರ್ಡ್ ಗಾಡಿಗಳ ವೈಪರ್ ಓಡುತ್ತಿದ್ದುದು ಎಂಜಿನ್ನಿನ ಹೀರುಗಾಳಿಯಿಂದ. ಆಕ್ಸಿಲರೇಟರ್ ಒತ್ತಿದಷ್ಟೂ ಹೀರುವ ಬಲ ಕುಗ್ಗುತ್ತದೆ. ಮಳೆಯಲ್ಲಿ ಆಗುಂಬೆ ಹತ್ತುವಾಗ, ನಿಜವಾಗಿ ಬೇಕಾದ ಹೊತ್ತಿಗೆ, ವೈಪರ್ ನಿದ್ದೆ ಹೋಗುತ್ತಿತ್ತು ಎಂದರೆ ನಂಬಬೇಕು.

ಬಿಡಿ ಭಾಗಗಳಿಗೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇವೆರಡೇ ಗತಿ. ಸಿಗದಿದ್ದರೆ ಲೇತಿನಲ್ಲಿ ಕಡೆಸಬೇಕು. ಬಂಪರಿಗೆ ಕ್ರೋಮ್ ಮಾಡಿಸಲು ಪೀಣ್ಯಕ್ಕೆ ಹೋಗಬೇಕು. ಟಿಂಕರಿಂಗ್ ಮುಗಿಸಿ ಬಣ್ಣ ಬಳಿಯುವಷ್ಟರಲ್ಲಿ ಒಂದು ಹೊಸ ಕಾರಿನ ಹಣ ಮುಗಿದಿರುತ್ತದೆ. ಇತ್ತೀಚೆಗೆ ಪೆಟ್ರೋಲಿನ ಚಿಂತೆಯೂ ಸೇರಿದೆ. ಬಂಕುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಹಳೆಯ ಗಾಡಿಯ ರಬ್ಬರ್ ಪೈಪು, ಡಯಾಫ್ರಮ್, ಕಾರ್ಕಿನ ಗ್ಯಾಸ್ಕೆಟ್‌ಗಳಿಗೆ ಎಥನಾಲ್ ಹಗೆ. ಅದು ನೀರನ್ನೂ ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ತಿಂಗಳಿಗೊಮ್ಮೆ ಓಡುವ ಗಾಡಿಗೆ ಇದು ಹೆಚ್ಚು ಅಪಾಯ.

ಆದರೆ ನಮ್ಮ ಶೆಡ್ಡಿನ ಗಾಡಿಗೆ ಪೆಟ್ರೋಲಿನ ಭಯವಿಲ್ಲ. ಕಾರಣ, ಅದರಲ್ಲಿರುವುದು ಡೀಸೆಲ್ ಎಂಜಿನ್. ಕಥೆ ಕಗ್ಗಂಟಾಗುವುದು ಇಲ್ಲಿಯೇ.

ಉಳಿಸಿದ್ದೇ ತೊಡಕಾದಾಗ

1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಬಿಗಿಹಿಡಿದು, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. 3.7 ಲೀಟರಿನ, ಆರು ಸಿಲಿಂಡರಿನ ಪ್ಲಿಮತ್ ಸಾಕುವುದು ಆನೆ ಸಾಕುವುದಕ್ಕೆ ಸಮವಾಯಿತು. ದೇಶದಾದ್ಯಂತ ಇಂಥ ಗಾಡಿಗಳ ಮುಂದೆ ಎರಡೇ ದಾರಿ: ಗುಜರಿ, ಇಲ್ಲವೇ ಡೀಸೆಲ್. ಮದ್ರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಎಂಜಿನ್ ಅಂಥ ಎಷ್ಟೋ ಗಾಡಿಗಳ ಎದೆಯೊಳಗೆ ಕೂತಿತು. ಯಜಮಾನರ ತಂದೆ 1976ರಲ್ಲಿ ಪರ್ಕಿನ್ಸ್ ಹಾಕಿಸಿ, ಮೂಲ ಎಂಜಿನ್ನನ್ನು ತೂಕಕ್ಕೆ ಮಾರಿದರು. ಗಾಡಿ ಉಳಿದದ್ದು ಆ ಡೀಸೆಲ್‌ನಿಂದಲೇ.

ಈಗ ಬಂದಿರುವ ಕಾನೂನನ್ನು ನೋಡಿ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಇಲಾಖೆ, 50 ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ ಹೊರಡಿಸಿತು. ಪತ್ರಿಕೆಯವರಾದ ನಾವು ಹಳೆಯದನ್ನೆಲ್ಲ ವಿಂಟೇಜ್ ಎನ್ನುತ್ತೇವೆ. ಹವ್ಯಾಸಿಗಳ ಲೆಕ್ಕದಲ್ಲಿ ವಿಂಟೇಜ್ ಎಂದರೆ 1919ರಿಂದ 1930ರವರೆಗಿನದು, ಇಂಥ ಪ್ಲಿಮತ್ ಬರಿಯ ಕ್ಲಾಸಿಕ್. ಕಾನೂನು ಮಾತ್ರ ನಮ್ಮ ಪಕ್ಷ ಹಿಡಿದಿದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000 ರೂಪಾಯಿ. ಹೊಸ ನೋಂದಣಿಗೆ 'ವಿಎ' ಅಕ್ಷರಗಳ ಸಂಖ್ಯೆ. ಮೊದಲೇ ದಾಖಲಾದ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಇಟ್ಟುಕೊಳ್ಳಬಹುದು. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ಇಷ್ಟಕ್ಕೆ ರಸ್ತೆಗೆ ತರಬಹುದು.

ಷರತ್ತು ಒಂದಿದೆ. ಗಾಡಿ ಮೂಲ ಸ್ವರೂಪದಲ್ಲಿರಬೇಕು. ಚಾಸಿ, ಮೈ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಿಯಮದ ಉದ್ದೇಶ ಒಳ್ಳೆಯದೇ. ಹಳೆಯ ಫಲಕ ಹಚ್ಚಿ ಹೊಸ ಗಾಡಿ ಓಡಿಸುವವರನ್ನು ತಡೆಯಬೇಕಲ್ಲ. ಆದರೂ ನನಗನಿಸುವುದು, ಡೀಸೆಲ್ ಎಂಜಿನ್ ಕೂಡ ಇವುಗಳ ಚರಿತ್ರೆಯ ಭಾಗವೇ. ಅಮೆರಿಕದಲ್ಲಿ ನಡೆಯದ, ಇಲ್ಲಿ ಮಾತ್ರ ನಡೆದ ಸಂಗತಿ ಅದು. ಪೆಟ್ರೋಲ್ ಎಂಜಿನ್ ಇಟ್ಟುಕೊಳ್ಳುವಷ್ಟು ಶ್ರೀಮಂತರಾಗಿದ್ದವರ ಗಾಡಿ ಮಾತ್ರ 'ಅಸಲಿ', ಕಷ್ಟಪಟ್ಟು ಉಳಿಸಿಕೊಂಡವರದ್ದು ಅಲ್ಲ ಎಂದರೆ ಹೇಗೆ? ಯಜಮಾನರಿಗೆ ಈ ವಾದದಲ್ಲಿ ಆಸಕ್ತಿಯಿಲ್ಲ. ಅವರಿಗೆ ಬೇಕಾದದ್ದು ಎಂಜಿನ್. ಮುಂಬಯಿಯ ಸಂಗ್ರಾಹಕರೊಬ್ಬರು ಇದ್ದಂತೆಯೇ ಕೊಳ್ಳಲು ತಯಾರಿದ್ದಾರೆ. ತಮ್ಮಂದಿರು ಕೊಟ್ಟುಬಿಡು ಎನ್ನುತ್ತಾರೆ. ಕನಕಪುರ ರಸ್ತೆಯ ಆಚೆ ನೆಂಟರ ತೋಟದಲ್ಲಿ ತಗಡಿನ ಸೂರೊಂದು ಸಿಗುವ ಭರವಸೆಯಿದೆ. ಆದರೆ ಡೀಸೆಲ್ ಗಾಡಿಯನ್ನು ಅಲ್ಲಿ ನಿಲ್ಲಿಸಿ ಕಾಗದಪತ್ರ ಸರಿಪಡಿಸುವುದೆಂತು ಎಂಬುದು ಅವರ ಚಿಂತೆ.

ನಾನು ಹೋದ ದಿನವೇ ಬಾಯ್ ಸುದ್ದಿ ತಂದಿದ್ದರು. ಗುಜರಿಯಲ್ಲಿ ಹಳೆಯ ಫಾರ್ಗೊ ಗಾಡಿಯೊಂದರಿಂದ ಕಳಚಿದ ಆರು ಸಿಲಿಂಡರಿನ ಎಂಜಿನ್ ಬಿದ್ದಿದೆ. ಫಾರ್ಗೊ ಸಹ ಕ್ರೈಸ್ಲರ್ ಮನೆಯದೇ, ಎಂಜಿನ್ನಿನ ಕುಲ ಒಂದೇ. ಆದರೆ ಈ ಕುಲದಲ್ಲಿ ಎರಡು ಶಾಖೆ. ಅಮೆರಿಕದಲ್ಲಿ ಎರಕ ಹೊಯ್ದ ಪ್ಲಿಮತ್ ಎಂಜಿನ್ನಿನ ಹೆಡ್ಡು 23 ಇಂಚು ಚಿಲ್ಲರೆ ಉದ್ದ. ಕೆನಡಾದ್ದು 25 ಇಂಚು. ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಬಾಯ್ ಟೇಪು ಹಿಡಿದು ಅಳೆದು ಬಂದಿದ್ದರು: 'ಇಪ್ಪತ್ತೈದು ಇದೆ ಸಾರ್.' ಈ ಕಾರಿನದು ಯಾವುದಿತ್ತು? ಅರ್ಧ ಶತಮಾನದ ಹಿಂದೆ ತೂಕಕ್ಕೆ ಹೋದದ್ದನ್ನು ಯಾರು ಅಳೆದಿದ್ದಾರೆ?

ಯಜಮಾನರು ಶೆಡ್ಡಿನ ಒಳಗೋಡೆಯತ್ತ ನೋಡುತ್ತ ನಿಂತರು. ಅಲ್ಲಿ ಮೊಳೆಗೆ ಸೈಕಲ್ ಟ್ಯೂಬು, ಹರಿದ ಫ್ಯಾನ್‌ಬೆಲ್ಟುಗಳ ಹಿಂದೆ ತಾಮ್ರದ ಬಣ್ಣದ ಉದ್ದನೆಯ ಹಾಳೆಯೊಂದು ನೇತಾಡುತ್ತಿತ್ತು. ಆರು ದೊಡ್ಡ ರಂಧ್ರಗಳ ಹೆಡ್ ಗ್ಯಾಸ್ಕೆಟ್ಟು. ಎಂಜಿನ್ ಮಾರುವ ಮೊದಲು ತಂದೆ ಹೊಸದಾಗಿ ತರಿಸಿ, ಹಾಕಿಸದೆ ಬಿಟ್ಟದ್ದು. ಬಾಯ್ ಅದನ್ನು ಇಳಿಸಿ, ಧೂಳು ಒರೆಸಿ, ಬಾನೆಟ್ಟಿನ ಮೇಲೆ ಮಲಗಿಸಿ ಟೇಪು ಎಳೆದರು. ನಾವು ಮೂವರೂ ಬಗ್ಗಿ ನೋಡಿದೆವು. ಇಪ್ಪತ್ತೈದು. ರಂಧ್ರದ ಅಡ್ಡಳತೆಯನ್ನು ಬಾಯ್ ಒಂದು ಬೀಡಿ ಕಟ್ಟಿನ ಹಿಂದೆ ಬರೆದುಕೊಂಡಿದ್ದರು, ಅದೂ ಹೊಂದಿತು.

ಎಂಜಿನ್ನಿನ ಬ್ಲಾಕು ಸೀಳಿದೆಯೋ ಇಲ್ಲವೋ ಬಿಚ್ಚಿದ ಮೇಲೆ ತಿಳಿಯಬೇಕು. ಅದರ ಮೇಲಿನ ಸಂಖ್ಯೆ ಆರ್‌ಸಿ ಪುಸ್ತಕದ್ದಲ್ಲ. ಇನ್‌ಸ್ಪೆಕ್ಟರು ಏನೆನ್ನುತ್ತಾರೋ ಅದೂ ಬೇರೆ ಮಾತು. ಯಜಮಾನರು ಒಳಗೆ ಹೋಗಿ ಅಡ್ವಾನ್ಸಿನ ಹಣ ತಂದು ಬಾಯ್ ಕೈಗಿತ್ತರು. ಆಮೇಲೆ ಗ್ಯಾಸ್ಕೆಟ್ಟನ್ನು ಜೋಪಾನವಾಗಿ ಎತ್ತಿಕೊಂಡು ಮತ್ತೆ ಅದೇ ಮೊಳೆಗೆ ತೂಗುಹಾಕಲು ಹೊರಟರು.

'ಅಲ್ಲಿ ಬೇಡ ಸಾರ್, ಡಿಕ್ಕಿಯಲ್ಲಿಡಿ' ಎಂದರು ಬಾಯ್. 'ಆ ಗೋಡೆ ಇರೋಲ್ಲ.'